ಕೈ ಕಡಿಸಿಕೊಂಡವನು ದೈವವಾದ ಕಥೆ: ಕಲ್ಕುಡನ ಬದುಕು ಮತ್ತು ನಮ್ಮ ಹಾರರ್ ಸಿನಿಮಾ

ಹಾರರ್ ಸಿನಿಮಾ ನೋಡುವ ಚಟ ಇರುವವರಿಗೆ ಈ ಕಥೆಯ ಚೌಕಟ್ಟು ಬಾಯಿಪಾಠ. ಹೊರಜಗತ್ತಿನಿಂದ ದೂರ ಉಳಿದ ಒಂದು ಊರು. ಆ ಊರಿನವರಿಗೆ ಅವರದ್ದೇ ನಂಬಿಕೆ, ಅವರದ್ದೇ ಆಚರಣೆ. ಅಲ್ಲಿಗೆ ಪೇಟೆಯಿಂದ ಯಾರೋ ಬರುತ್ತಾರೆ. ಮೊದಲು ಎಲ್ಲ ಚಂದ ಕಾಣ್ತದೆ, ಆಮೇಲೆ ರಾತ್ರಿ ಶುರುವಾಗ್ತದೆ. 1973ರ ದಿ ವಿಕರ್ ಮ್ಯಾನ್‌ನಲ್ಲಿ ಸ್ಕಾಟ್ಲೆಂಡಿನ ದ್ವೀಪಕ್ಕೆ ಹೋದ ಪೊಲೀಸನ ಗತಿ ಹೀಗೇ ಆಯಿತು. 2019ರ ಮಿಡ್‌ಸೊಮ್ಮರ್‌ನಲ್ಲಿ ಸ್ವೀಡನ್ನಿನ ಹಳ್ಳಿಗೆ ಹೋದ ಅಮೆರಿಕದ ವಿದ್ಯಾರ್ಥಿಗಳದ್ದೂ ಇದೇ ಪಾಡು. ಈ ಸಿನಿಮಾಗಳಲ್ಲಿ ಭಯ ಹುಟ್ಟುವುದು ಊರಿನ ನಂಬಿಕೆಯಿಂದ. ಆ ನಂಬಿಕೆ ಯಾಕೆ ಹುಟ್ಟಿತು ಅಂತ ಕೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ.

ಕನ್ನಡದಲ್ಲಿ ಈ ಬಗೆಯ ಕಥೆ ಬೇಕೆಂದಾಗ ಕ್ಯಾಮೆರಾ ತಿರುಗುವುದು ಹೆಚ್ಚಾಗಿ ತುಳುನಾಡಿನ ಕಡೆಗೆ. 2015ರ ರಂಗಿತರಂಗ, 2022ರ ಕಾಂತಾರ, 2025ರ ಸು ಫ್ರಮ್ ಸೋ ಮೂರೂ ಬೇರೆ ಬೇರೆ ಜಾತಿಯ ಸಿನಿಮಾಗಳು. ಆದರೆ ಕರಾವಳಿಯ ಹಳ್ಳಿ, ಕತ್ತಲು, ಆವೇಶ, ಊರವರ ಹೆದರಿಕೆ ಮೂರರಲ್ಲೂ ಇವೆ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಕೂತವರಿಗೆ ಭೂತ ಅಂದರೆ ದೆವ್ವ. ಬಂಟ್ವಾಳದ ಅಂಗಳದಲ್ಲಿ ಕೂತವರಿಗೆ ಭೂತ ಅಂದರೆ ದೈವ, ಮನೆಯ ಹಿರಿಯ, ಕಷ್ಟಕ್ಕೆ ದೂರು ಕೊಡಬಹುದಾದ ಕೋರ್ಟು.

ಈ ವ್ಯತ್ಯಾಸ ಅರ್ಥವಾಗಲು ಸಿದ್ಧಾಂತ ಬೇಡ, ಒಬ್ಬನ ಬದುಕು ಸಾಕು. ಮೂಡುಬಿದಿರೆಯ ಹತ್ತಿರ ಹುಟ್ಟಿ, ಬೆಳ್ತಂಗಡಿ ತಾಲೂಕಿನಲ್ಲಿ ಕೊನೆಯ ಕೆಲಸ ಮಾಡಿ, ಇವತ್ತಿಗೂ ಬಂಟ್ವಾಳದ ಮನೆಮನೆಗಳಲ್ಲಿ ತಂಗಿಯ ಜೊತೆ ಪೂಜೆಗೊಳ್ಳುವ ಕಲ್ಲುಕುಟಿಗನೊಬ್ಬನ ಬದುಕು. ಹೆಸರು ಬೀರ ಕಲ್ಕುಡ.

ಅಪ್ಪನನ್ನು ಹುಡುಕಿ ಹೊರಟ ಹುಡುಗ

ಕಲ್ಕುಡನ ಬದುಕು ನಮಗೆ ಸಿಗುವುದು ಪಾಡ್ದನದಲ್ಲಿ. ಕೋಲದ ರಾತ್ರಿ ದೈವಕ್ಕೆ ಬಣ್ಣ ಹಚ್ಚುವ ಹೊತ್ತಿಗೆ, ಆ ಕುಟುಂಬದ ಹೆಂಗಸರು ತೆಂಬರೆ ಬಡಿಯುತ್ತ ಹಾಡುವ ಕಥೆ ಅದು. ಗದ್ದೆಯಲ್ಲಿ ನೇಜಿ ನೆಡುವಾಗಲೂ ಪಾಡ್ದನ ಹಾಡುತ್ತಿದ್ದರು. ಊರಿಂದೂರಿಗೆ ವಿವರ ಬದಲಾಗ್ತದೆ, ಬೆನ್ನೆಲುಬು ಮಾತ್ರ ಒಂದೇ.

ಶಂಭು ಕಲ್ಕುಡ ಒಳ್ಳೆಯ ಕೆಲಸಗಾರ. ಮನೆ ಕೆಲ್ಲತ್ತ ಮಾರ್ನಾಡು. ಮೂಡುಬಿದಿರೆ ಪಕ್ಕದ ಮಾರ್ನಾಡೇ ಅದು ಅಂತ ಹೆಚ್ಚಿನವರು ಗುರುತಿಸುತ್ತಾರೆ. ಬೆಳ್ಗೊಳದ ಅರಸನಿಂದ ಕರೆ ಬರ್ತದೆ. ಗರ್ಭಿಣಿ ಹೆಂಡತಿಯನ್ನು ಬಿಟ್ಟು ಶಂಭು ಘಟ್ಟ ಹತ್ತುತ್ತಾನೆ. ಕೆಲಸ ವರ್ಷಗಟ್ಟಲೆ ಎಳೀತದೆ, ಅವನು ವಾಪಸ್ ಬರುವುದಿಲ್ಲ. ಇತ್ತ ಮನೆಯಲ್ಲಿ ಅವಳಿ ಮಕ್ಕಳು ಹುಟ್ಟುತ್ತವೆ. ಗಂಡು ಬೀರ ಕಲ್ಕುಡ, ಹೆಣ್ಣು ಮುಂದೆ ಕಲ್ಲುರ್ಟಿ ಆಗುವವಳು.

ಹುಡುಗ ದೊಡ್ಡವನಾಗುತ್ತಾನೆ. ಓರಗೆಯವರು ಅಪ್ಪ ಇಲ್ಲದವನು ಅಂತ ಹಂಗಿಸುತ್ತಾರೆ. ತಾಯಿಯಿಂದ ವಿಷಯ ತಿಳಿದುಕೊಂಡು, ಅಪ್ಪ ಬಿಟ್ಟುಹೋಗಿದ್ದ ಉಳಿ ಸುತ್ತಿಗೆ ಹೆಗಲಿಗೇರಿಸಿ ಬೀರನೂ ಅದೇ ದಾರಿ ಹಿಡಿಯುತ್ತಾನೆ. ದುಡಿಯಲು ಊರು ಬಿಟ್ಟ ಅಪ್ಪ, ಅವನ ಮುಖವನ್ನೇ ನೋಡದೆ ಬೆಳೆದ ಮಗ. ಬೊಂಬಾಯಿ, ಗಲ್ಫ್ ನೋಡಿದ ನಮ್ಮ ಕರಾವಳಿಗೆ ಈ ಭಾಗ ಹೊಸತೇನಲ್ಲ.

ಅಪ್ಪ ಮಗ ಸಿಗುತ್ತಾರೆ, ಆದರೆ ಸಂತೋಷ ಉಳಿಯುವುದಿಲ್ಲ. ಅಪ್ಪ ಕೆತ್ತಿದ ಮೂರ್ತಿಯಲ್ಲಿ ಒಂದು ದೋಷ ಇದೆ ಅಂತ ಮಗ ತೋರಿಸಿಕೊಡುತ್ತಾನೆ. ಕಲ್ಲಿನ ಒಳಗೆ ಕಪ್ಪೆ ಇತ್ತು ಅಂತ ಹಲವು ಕಡೆ ಹಾಡುತ್ತಾರೆ. ಇಷ್ಟು ವರ್ಷದ ದುಡಿಮೆ ಎಲ್ಲರೆದುರು ತಪ್ಪಾದದ್ದು ಶಂಭುವಿಗೆ ತಡೆಯುವುದಿಲ್ಲ. ಸೊಂಟದ ಚೂರಿಯಿಂದ ತನ್ನ ಜೀವ ತೆಗೆದುಕೊಳ್ಳುತ್ತಾನೆ. ಉಳಿದ ಕೆಲಸ ಮಗ ಮುಗಿಸುತ್ತಾನೆ.

ಇದನ್ನು ಓದುವಾಗ ಜಕಣಾಚಾರಿ ನೆನಪಾಗಬೇಕು, ಅಲ್ವಾ? ಅಲ್ಲೂ ಹೀಗೇ. ಮಗ ಡಂಕಣಾಚಾರಿ ಕಲ್ಲಲ್ಲಿ ಕಪ್ಪೆ ತೋರಿಸುತ್ತಾನೆ, ಅಪ್ಪ ತನ್ನ ಬಲಗೈಯನ್ನು ತಾನೇ ಕಡಿದುಕೊಳ್ಳುತ್ತಾನೆ. ಆಮೇಲೆ ತುಮಕೂರು ಹತ್ತಿರದ ಕೈದಾಳದಲ್ಲಿ ದೇವಸ್ಥಾನ ಕಟ್ಟಿದಾಗ ದೇವರು ಆ ಕೈಯನ್ನು ಮರಳಿ ಕೊಡುತ್ತಾನೆ. ಕಪ್ಪೆ ತನಕ ಎರಡೂ ಕಥೆ ಒಂದೇ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಜಕಣಾಚಾರಿಯ ಕೈ ಹೋದದ್ದು ಅವನದೇ ಮಾತಿನ ಛಲದಿಂದ. ಕಲ್ಕುಡನ ಕೈ ಹೋದದ್ದು ಅರಸನ ಆಜ್ಞೆಯಿಂದ. ಅದನ್ನು ಯಾವ ದೇವರೂ ಮರಳಿ ಕೊಡಲಿಲ್ಲ.

ಕಾರ್ಕಳದಲ್ಲಿ ಸಿಕ್ಕ ಸಂಬಳ

ಬೆಳ್ಗೊಳದಿಂದ ಬೀರ ಕಲ್ಕುಡ ಕಾರ್ಕಳಕ್ಕೆ ಬರುತ್ತಾನೆ. ಅಲ್ಲಿನ ಭೈರರಸ ಗೊಮ್ಮಟ ಬೇಕು ಅನ್ನುತ್ತಾನೆ. ಕಲ್ಕುಡ ಬಂಡೆ ಆರಿಸಿ, ಕೆತ್ತಿ, ನಿಲ್ಲಿಸುತ್ತಾನೆ. ನೂರಾರು ಜನರಿಂದ ಅಲುಗದ ಮೂರ್ತಿ ಇವನ ಕೈ ತಾಗಿದ ಕೂಡಲೇ ಎದ್ದಿತು ಅಂತ ಪಾಡ್ದನ ಹಿಗ್ಗುತ್ತದೆ. ಕೆಲಸ ಮುಗಿಯಿತು, ಲೆಕ್ಕ ಚುಕ್ತಾ ಆಗಬೇಕು. ಅರಸ ಕೊಟ್ಟ ಲೆಕ್ಕ ಬೇರೆಯೇ. ಇಂಥ ಮೂರ್ತಿ ಇನ್ನೊಂದು ಊರಲ್ಲಿ ಏಳಬಾರದು ಅಂತ ಅವನ ಎಡಗೈ, ಬಲಗಾಲು ಕಡಿಸುತ್ತಾನೆ.

ಎಲ್ಲಾದರೂ ಓದಿದ ಹಾಗೆ ಅನ್ನಿಸಿತಾ? ತಾಜ್‌ಮಹಲ್ ಕಟ್ಟಿದವರ ಬಗ್ಗೆಯೂ ಇಂಥದ್ದೊಂದು ಕಥೆ ಹೇಳ್ತಾರೆ. ಅದಕ್ಕೆ ಆಧಾರ ಇಲ್ಲ ಅಂತ ಇತಿಹಾಸಕಾರರು ಒಪ್ಪುತ್ತಾರೆ. ಕಾರ್ಕಳದ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಸುಮಾರು 42 ಅಡಿಯ ಆ ಗೊಮ್ಮಟನನ್ನು 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸ ಪ್ರತಿಷ್ಠೆ ಮಾಡಿಸಿದ ಅನ್ನಲು ಶಾಸನ ಇದೆ. ಅವನು ಯಾರದ್ದೋ ಕೈ ಕಡಿಸಿದ ಅನ್ನಲು ಶಾಸನ ಇಲ್ಲ. ಪಾಡ್ದನವನ್ನು ಚಾರ್ಜ್‌ಶೀಟ್ ಹಾಗೆ ಓದಿ ಒಬ್ಬ ಅರಸನ ಮೇಲೋ, ಒಂದು ಸಮುದಾಯದ ಮೇಲೋ ಆರೋಪ ಹೊರಿಸುವುದು ತಪ್ಪು. ತುಳುನಾಡಿನ ಜೈನ ಮನೆತನಗಳೇ ತಲೆತಲಾಂತರದಿಂದ ದೈವಗಳನ್ನು ನಂಬಿಕೊಂಡು ಬಂದಿವೆ. ಬೀಡುಗಳಲ್ಲಿ ನೇಮ ನಡೆಸುತ್ತ ಬಂದಿವೆ. ಇಲ್ಲಿ ಬಸದಿಗೂ ದೈವದ ಸಾನಕ್ಕೂ ಜಗಳ ಇಲ್ಲ.

ಆದರೂ ಶಾಸನದಲ್ಲಿ ಒಂದು ವಿಷಯ ಗಮನಿಸಿ. ಮೂರ್ತಿ ಮಾಡಿಸಿದ ಅರಸನ ಹೆಸರಿದೆ, ಅವನ ವಂಶ ಇದೆ, ಪ್ರೇರಣೆ ಕೊಟ್ಟ ಗುರುಗಳ ಹೆಸರಿದೆ. ಉಳಿ ಹಿಡಿದವನ ಹೆಸರಿಲ್ಲ. ಪಾಡ್ದನ ತುಂಬುವುದು ಆ ಖಾಲಿ ಜಾಗವನ್ನು.

ಒಂದು ಕೈ, ಒಂದು ಕಾಲು, ವೇಣೂರು

ರಕ್ತ ಆರಿದ ಮೇಲೆ ಕಲ್ಕುಡ ಕುಂಟುತ್ತ ಗಡಿ ದಾಟಿ ವೇಣೂರಿಗೆ ಬರುತ್ತಾನೆ. ಈಗಿನ ಬೆಳ್ತಂಗಡಿ ತಾಲೂಕಿನ, ಫಲ್ಗುಣಿ ಹೊಳೆ ಬದಿಯ ಊರು. ಅಲ್ಲಿ ಅಜಿಲರ ಆಳ್ವಿಕೆ. ಅಂಗವಿಕಲ ಕೆಲಸಗಾರನಿಗೆ ಅಜಿಲ ಅರಸ ಕೆಲಸ ಕೊಡುತ್ತಾನೆ. ಉಳಿದ ಒಂದೇ ಕೈಯಲ್ಲಿ ಕಲ್ಕುಡ ಇನ್ನೊಂದು ಗೊಮ್ಮಟನನ್ನು ಎಬ್ಬಿಸುತ್ತಾನೆ. ಅದು ಕಾರ್ಕಳದ್ದಕ್ಕಿಂತಲೂ ಚಂದ ಬಂತು ಅಂತ ಪಾಡ್ದನದ ತೀರ್ಪು.

ಇತಿಹಾಸದಲ್ಲಿ ವೇಣೂರಿನ 35 ಅಡಿಯ ಬಾಹುಬಲಿ ನಿಂತದ್ದು 1604ರಲ್ಲಿ, ತಿಮ್ಮಣ್ಣಾಜಿಲನ ಕಾಲದಲ್ಲಿ. ಇದು ನಿಲ್ಲಬಾರದು ಅಂತ ಕಾರ್ಕಳದ ಅರಸ ದಂಡೆತ್ತಿ ಬಂದಿದ್ದ, ಮೂರ್ತಿಯನ್ನು ಹೊಳೆಯ ಮರಳಲ್ಲಿ ಅಡಗಿಸಿಟ್ಟಿದ್ದರು ಅನ್ನುವ ಐತಿಹ್ಯ ವೇಣೂರಿನಲ್ಲಿದೆ. ಪಾಡ್ದನದಲ್ಲಿ ಕೆಲಸಗಾರನ ಕೈ ಕಡಿದದ್ದೂ, ಐತಿಹ್ಯದಲ್ಲಿ ದಂಡು ಬಂದದ್ದೂ ಒಂದೇ ಹೊಟ್ಟೆಕಿಚ್ಚಿನಿಂದ. ನನ್ನ ಊರಲ್ಲಿ ಇರುವುದು ಇನ್ನೊಬ್ಬನ ಊರಲ್ಲಿ ಇರಬಾರದು.

ಈಗ ಲೆಕ್ಕ ಹಾಕಿ. ಬೆಳ್ಗೊಳದ ಗೊಮ್ಮಟ ಸುಮಾರು 981ರದ್ದು. ಕಾರ್ಕಳ 1432. ವೇಣೂರು 1604. ಅಪ್ಪ ಮಗ ಇಬ್ಬರ ಆಯುಷ್ಯದಲ್ಲಿ ಪಾಡ್ದನ 623 ವರ್ಷ ತುಂಬಿಸಿದೆ. ಕಾರ್ಕಳಕ್ಕೂ ವೇಣೂರಿಗೂ ನಡುವೆಯೇ 172 ವರ್ಷ. ಒಬ್ಬ ಮನುಷ್ಯನಿಗೆ ಇದು ಸಾಧ್ಯ ಇಲ್ಲ ಅಂತ ಹೇಳಿ ಕಥೆಯನ್ನು ಬದಿಗಿಡುವುದು ಸುಲಭ. ಆದರೆ ಅವನ ಹೆಸರನ್ನೊಮ್ಮೆ ನೋಡಿ. ಕಲ್ಲು ಕುಟ್ಟುವವನು ಕಲ್ಕುಡ. ಅದು ಕಸುಬಿನ ಹೆಸರು. ನನಗೆ ಅನ್ನಿಸುವುದು ಇಷ್ಟು: ಶಾಸನದಲ್ಲಿ ಜಾಗ ಸಿಗದ ಅಷ್ಟೂ ತಲೆಮಾರಿನ ಕೆಲಸಗಾರರನ್ನು ಜನ ಒಬ್ಬನೇ ಮನುಷ್ಯನೊಳಗೆ ಸೇರಿಸಿ ನೆನಪಿಟ್ಟುಕೊಂಡಿದ್ದಾರೆ. ಇಸವಿ ತಪ್ಪಿರಬಹುದು, ನೆನಪು ತಪ್ಪಿಲ್ಲ.

ತಂಗಿ ಬಂದಳು

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಬರೀ ದುಃಖದ ಕಥೆ ಆಗ್ತಿತ್ತು. ಮುಗಿಯದಿರುವುದಕ್ಕೆ ಕಾರಣ ತಂಗಿ.

ಅಣ್ಣ ಎಷ್ಟು ದಿನವಾದರೂ ಮನೆಗೆ ಬಾರದಾಗ ಅವಳು ಹುಡುಕಿಕೊಂಡು ಹೊರಡುತ್ತಾಳೆ. ಕೈಕಾಲು ಕಳಕೊಂಡ ಅಣ್ಣನನ್ನು ಕಾಣುತ್ತಾಳೆ. ಅಣ್ಣ ಇಷ್ಟು ದಿನ ಮಾಡಿದ್ದು ಕೆಲಸದಲ್ಲೇ ಉತ್ತರ ಕೊಡುವುದು. ತಂಗಿಗೆ ಅದು ಸಾಲುವುದಿಲ್ಲ. ಮಾಡಿದವನು ಲೆಕ್ಕ ಕೊಡಬೇಕು ಅನ್ನುವುದು ಅವಳ ಹಟ. ಇಬ್ಬರೂ ಮಾಯಕ್ಕೆ ಸಲ್ಲುತ್ತಾರೆ. ತುಳುವಿನಲ್ಲಿ ಮಾಯ ಆಗುವುದು ಅಂದರೆ ಸಾಯುವುದಲ್ಲ, ಕಣ್ಣಿಗೆ ಕಾಣದ ಇನ್ನೊಂದು ಇರವಿಗೆ ದಾಟುವುದು. ಅಲ್ಲಿಂದ ಅವರು ಕಲ್ಕುಡ ಕಲ್ಲುರ್ಟಿ, ಜೋಡಿ ದೈವಗಳು.

ಆಮೇಲೆ ಬರುವ ಭಾಗ ಯಾವ ಹಾರರ್ ಸಿನಿಮಾಕ್ಕೂ ಕಮ್ಮಿ ಇಲ್ಲ. ಕಾರ್ಕಳದ ಅರಮನೆಗೆ ಬೆಂಕಿ ಬೀಳುತ್ತದೆ. ಪೇಟೆ ಉರಿಯುತ್ತದೆ. ಅರಸನಿಗೆ ನಿದ್ದೆ ಇಲ್ಲ, ಮನೆಯವರಿಗೆ ನೆಮ್ಮದಿ ಇಲ್ಲ. ಕಾಣದ ಕೈಗಳು ಎಲ್ಲೆಲ್ಲೂ ಕಾಡುತ್ತವೆ. ಕೊನೆಗೆ ಅವರಿಗೆ ನೆಲೆ ಕೊಟ್ಟು, ಕೋಲ ಕೊಟ್ಟು, ನಂಬಿಕೊಂಡು ಬರುತ್ತೇವೆ ಅಂತ ಒಪ್ಪಿದ ಮೇಲೆಯೇ ಊರು ತಣಿಯುವುದು.

ಪೇಟೆಯಲ್ಲಿ ಉರಿದ ಮನೆಗಳು ಯಾರದ್ದು? ಅರಸನ ತಪ್ಪಿಗೆ ಅಂಗಡಿ ಇಟ್ಟವನು ಯಾಕೆ ಸುಡಬೇಕು? ಈ ಪ್ರಶ್ನೆ ಬಾರದೆ ಇರುವುದಿಲ್ಲ. ಪಾಡ್ದನ ಅದಕ್ಕೆ ಸಮಾಧಾನ ಹೇಳುವ ಗೋಜಿಗೆ ಹೋಗುವುದಿಲ್ಲ. ಅನ್ಯಾಯ ನಡೆಯುವಾಗ ಊರು ಸುಮ್ಮನಿತ್ತು ಅನ್ನುವುದನ್ನು ಮಾತ್ರ ಅದು ಮರೆಯುವುದಿಲ್ಲ.

ಇವತ್ತು ಅಣ್ಣನಿಗಿಂತ ತಂಗಿಯೇ ಹೆಚ್ಚು ಪ್ರಸಿದ್ಧಿ. ಬಂಟ್ವಾಳ ತಾಲೂಕಿನ ಸಜಿಪಮೂಡದ ಪಣೋಲಿಬೈಲಿಗೆ ಹೋದರೆ ಗೊತ್ತಾಗ್ತದೆ. ಕಲ್ಲುರ್ಟಿಗೆ ಅಗೇಲು ಹರಕೆ ಹೊತ್ತವರ ಸಾಲು. ಬಾಳೆಲೆಯಲ್ಲಿ ಅನ್ನ, ಕೋಳಿ ಪದಾರ್ಥ ಬಡಿಸಿ ದೈವಕ್ಕೆ ಇಡುವುದೇ ಅಗೇಲು. ಕಳೆದುಹೋದ ಚಿನ್ನ, ತಪ್ಪಿಹೋದ ದನ, ಕೈಗೆ ಬಾರದ ದುಡ್ಡು, ಮೋಸ ಮಾಡಿದ ಪಾಲುದಾರ, ಹೀಗೆ ದೂರುಗಳ ಪಟ್ಟಿ ದೊಡ್ಡದು. ಹೆಚ್ಚಿನವು ಪೊಲೀಸ್ ಠಾಣೆಗೆ ಹೋಗಬೇಕಾದ ದೂರುಗಳೇ. ಜನ ಅವಳನ್ನು ಸತ್ಯದೇವತೆ ಅನ್ನುತ್ತಾರೆ. ಅಣ್ಣನಿಗಾದ ಅನ್ಯಾಯಕ್ಕೆ ಲೆಕ್ಕ ಕೇಳಿದವಳು ನಮ್ಮದನ್ನೂ ಕೇಳಿಯಾಳು ಅನ್ನುವ ಭರವಸೆ ಅದು.

ಭಯ ಯಾರಿಗೆ?

ಈಗ ಸಿನಿಮಾಕ್ಕೆ ವಾಪಸ್ ಬರೋಣ.

ಪಶ್ಚಿಮದ ಫೋಕ್ ಹಾರರ್ ಕಥೆ ಹೊರಗಿನವನ ಕಣ್ಣಿನದ್ದು. ಆರಾಧನೆ ಮಾಡುವವರೇ ಅಲ್ಲಿ ಅಪಾಯ. ಈ ಕಣ್ಣು ತುಳುನಾಡಿಗೂ ಬಂದಿತ್ತು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಪಾಡ್ದನಗಳನ್ನು ಸಂಗ್ರಹಿಸಿದವರು. 1882ರಲ್ಲಿ ಅವರು ತೀರಿಕೊಂಡ ಮೇಲೆ, 1894ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅವು ಅಚ್ಚಾದವು. ಕಲ್ಕುಡನ ಕಥೆಯೂ ಅದರಲ್ಲಿದೆ. ಉಪಕಾರ ದೊಡ್ಡದೇ, ಆದರೆ ತಲೆಬರಹದಲ್ಲಿ ಬಂದದ್ದು ತುಳುವರ ಡೆವಿಲ್ ವರ್ಶಿಪ್ ಅಂತ. ಕೈ ಕಡಿಸಿಕೊಂಡ ಕೆಲಸಗಾರ ಇಂಗ್ಲಿಷಿಗೆ ಹೋದಾಗ ಸೈತಾನ ಆಗಿಬಿಟ್ಟ. ಇಂಥ ಮಾತುಗಳ ಭಾರ ಇನ್ನೂ ಇಳಿದಿಲ್ಲ. ಭೂತ ಅನ್ನಲು ಹಿಂಜರಿದು ದೈವ ಅಂತಲೇ ಹೇಳುವವರು ಇವತ್ತು ಹೆಚ್ಚು.

ಪಾಡ್ದನದ ಭಯ ತಿರುಗಾ ಮುರುಗಾ. ಇಲ್ಲಿ ಹೆದರಬೇಕಾದವನು ಅಂಗಳದಲ್ಲಿ ಕೂತ ಕೂಲಿಯವನಲ್ಲ, ಚಾವಡಿಯಲ್ಲಿ ಕೂತ ಯಜಮಾನ. ದೈವ ಬಂದಾಗ ಬೆವರುವುದು ಕಡಿಸಿದವನು. ಕೋಟಿ ಚೆನ್ನಯರು, ಕೋರ್ದಬ್ಬು, ಕೊರಗ ತನಿಯ ಇವರ ಕಥೆಗಳನ್ನೂ ತೆಗೆದು ನೋಡಿ. ತುಳಿಸಿಕೊಂಡ ಸಮುದಾಯಗಳಲ್ಲಿ ಹುಟ್ಟಿ, ಮೋಸಕ್ಕೋ ಅವಮಾನಕ್ಕೋ ಸಿಕ್ಕಿ, ಮಾಯಕ್ಕೆ ಸಂದವರು. ಮಾಮೂಲಿ ಹಾರರ್ ಸಿನಿಮಾದಲ್ಲಿ ಭೂತ ಅಂದರೆ ಸಮಸ್ಯೆ, ಮಂತ್ರವಾದಿ ಬಂದು ಓಡಿಸಿದರೆ ಸುಖಾಂತ್ಯ. ಪಾಡ್ದನದಲ್ಲಿ ಭೂತ ಅಂದರೆ ದೂರು, ಅದನ್ನು ಓಡಿಸುವುದಲ್ಲ, ಕೂರಿಸಿ ಕೇಳಬೇಕು.

ಕಾಂತಾರ ಈ ಒಳಗುಟ್ಟನ್ನು ಹಿಡಿದಿತ್ತು ಅಂತ ಒಪ್ಪಬೇಕು. ಆ ಕಥೆಯ ಬೇರಿನಲ್ಲಿ ಇರುವುದು ಭೂಮಿ. ಅರಸ ಕೊಟ್ಟ ಮಾತು, ಅದನ್ನು ಮುರಿಯಲು ಹೊರಟ ವಂಶ, ನಡುವೆ ಸಿಕ್ಕಿಬಿದ್ದ ಕಾಡಂಚಿನ ಜನ. ಆದರೆ ಸಿನಿಮಾ ನೋಡಿ ಬಂದವರ ಮೊಬೈಲಿನಲ್ಲಿ ಉಳಿದದ್ದು ಕೊನೆಯ ಕೂಗು ಮಾತ್ರ. ಥಿಯೇಟರಿನಲ್ಲಿ ಆವೇಶದ ಅನುಕರಣೆ, ರೀಲ್ಸ್, ವೇಷ. ಭೂಮಿಯ ವಿಷಯ ಎಷ್ಟು ರೀಲ್ಸ್‌ನಲ್ಲಿ ಬಂತು? ಸು ಫ್ರಮ್ ಸೋ ನಗಿಸುತ್ತಲೇ ಸತ್ತ ಹೆಂಗಸಿನ ಹೆಸರು ಹಿಡಿದ ಸುಳ್ಳು ಆವೇಶದಿಂದ ಶುರುವಾಗಿ, ಬದುಕಿರುವ ಹೆಂಗಸಿನ ಕಷ್ಟಕ್ಕೆ ಬಂದು ನಿಲ್ತದೆ. ಪಾಡ್ದನದ ದಾರಿಗೆ ಅದು ಹತ್ತಿರ. ದೆವ್ವ ಯಾರು ಅನ್ನುವುದಕ್ಕಿಂತ ನೊಂದವರು ಯಾರು ಅನ್ನುವ ಪ್ರಶ್ನೆ ದೊಡ್ಡದು.

ಬದುಕಿರುವ ಕಲ್ಕುಡರು

ಇಲ್ಲಿ ನಮ್ಮನ್ನೂ ನಾವು ಕೇಳಿಕೊಳ್ಳಬೇಕಾದ ಮಾತಿದೆ. ಕಲ್ಕುಡನಿಗೆ ನ್ಯಾಯ ಸಿಕ್ಕಿತು ಅಂತ ಸಂಭ್ರಮಿಸುತ್ತೇವಲ್ಲ, ಸಿಕ್ಕಿದ್ದು ಯಾವಾಗ? ಮಾಯ ಆದ ಮೇಲೆ. ಬದುಕಿದ್ದಾಗ ಅವನ ಪರ ಊರಲ್ಲಿ ಒಬ್ಬನೂ ಬಾಯಿ ತೆರೆದ ಬಗ್ಗೆ ಕಥೆಯಲ್ಲಿಲ್ಲ.

ಅವನನ್ನು ಮೈಮೇಲೆ ತಂದುಕೊಳ್ಳುವವರ ಬದುಕೂ ಹಾಗೇ. ನಲಿಕೆ, ಪಂಬದ, ಪರವ ಸಮುದಾಯದವರು ಗಗ್ಗರ ಕಟ್ಟಿ, ಅಣಿ ಏರಿಸಿ ನಿಂತ ರಾತ್ರಿ ಊರಿನ ಗುತ್ತಿನವರೂ ಕೈಮುಗಿಯುತ್ತಾರೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದ ಬದಿಗೆ. ಪತ್ತನಾಜೆ ಕಳೆದರೆ ಮಳೆಗಾಲ ಮುಗಿಯುವ ತನಕ ಕೋಲ ಇಲ್ಲ, ಆ ಆದಾಯವೂ ಇಲ್ಲ. ಕಾಂತಾರ ಬಂದ ಮರು ತಿಂಗಳು, 2022ರ ಅಕ್ಟೋಬರಿನಲ್ಲಿ, 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಕೊಡುವುದಾಗಿ ರಾಜ್ಯ ಸರ್ಕಾರ ಘೋಷಿಸಿತು. ಒಳ್ಳೆಯದೇ. ಆದರೆ ಶತಮಾನಗಳಿಂದ ಕಣ್ಣೆದುರೇ ಇದ್ದವರು ಕಾಣಿಸಲು ಒಂದು ಸೂಪರ್‌ಹಿಟ್ ಸಿನಿಮಾ ಬೇಕಾಯ್ತು.

ಹೆಸರಿನ ವಿಷಯದಲ್ಲಿ ಕಾಲ ಒಂಚೂರು ಬದಲಾದದ್ದೂ ಹೌದು. 39 ಅಡಿಯ ಇನ್ನೊಬ್ಬ ಬಾಹುಬಲಿಯನ್ನು ಕಾರ್ಕಳದಲ್ಲೇ ಕೆತ್ತಿ ಧರ್ಮಸ್ಥಳಕ್ಕೆ ಸಾಗಿಸಿ 1982ರಲ್ಲಿ ಪ್ರತಿಷ್ಠೆ ಮಾಡಿದರು. ಕೆತ್ತಿದವರು ರೆಂಜಾಳ ಗೋಪಾಲ ಶೆಣೈ. ಈ ಸಲ ಶಿಲ್ಪಿಯ ಹೆಸರು ಎಲ್ಲರಿಗೂ ಗೊತ್ತು.

ಹೆಸರು ಗೊತ್ತಿಲ್ಲದವರು ಮಾತ್ರ ಇನ್ನೂ ಇದ್ದಾರೆ. 2024ರ ಜನವರಿ 28ರಂದು ವೇಣೂರಿನ ಹತ್ತಿರ ಕುಕ್ಕೇಡಿಯಲ್ಲಿ ಪಟಾಕಿ ತಯಾರಿಸುವ ಘಟಕ ಸಿಡಿದು 3 ಕಾರ್ಮಿಕರು ಸತ್ತರು. ದೇಹಗಳು ಛಿದ್ರವಾಗಿದ್ದವು. ತಿಂಗಳು ತುಂಬುವ ಮೊದಲು, ಫೆಬ್ರವರಿ 22ಕ್ಕೆ, ವೇಣೂರಿನ ಬಾಹುಬಲಿಗೆ 12 ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಶುರುವಾಯಿತು. ಎರಡಕ್ಕೂ ಸಂಬಂಧ ಇಲ್ಲ ನಿಜ. ಆದರೆ ಒಂದು ಕೈಯಲ್ಲಿ ಆ ಮೂರ್ತಿ ಕೆತ್ತಿದವನ ಕಥೆ ಗೊತ್ತಿರುವವರಿಗೆ ಈ ಎರಡು ಸುದ್ದಿಗಳನ್ನು ಬೇರೆ ಬೇರೆ ಪುಟದಲ್ಲಿ ಓದುವುದು ಕಷ್ಟ.

ಹಾಗಾಗಿ ವೇಣೂರಿಗೆ ಹೋದರೆ ಮೂರ್ತಿಯ ಮುಖ ನೋಡಿ ಸೆಲ್ಫಿ ತೆಗೆದು ವಾಪಸ್ ಬರಬೇಡಿ. ಅದನ್ನು ಯಾರು ಮಾಡಿಸಿದರು ಅಂತ ಬೋರ್ಡು ಹೇಳ್ತದೆ. ಯಾರು ಮಾಡಿದರು ಅಂತ ಪಕ್ಕದ ಮನೆಯ ಅಜ್ಜಿಯಲ್ಲಿ ಕೇಳಿ. ಆ ಅಜ್ಜಿಗೆ ಪಾಡ್ದನ ಬರ್ತದಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಹಾಡುವವರು ಕಮ್ಮಿಯಾಗ್ತಾ ಇದ್ದಾರೆ. ಮುಂದಿನ ಸಲ ಪರದೆ ಮೇಲೆ ಕರಾವಳಿಯ ಭೂತ ಕಿರುಚಿದಾಗ, ಹೆದರುವ ಮೊದಲು ಅದರ ಕೈ ಕಡಿದವರು ಯಾರು ಅಂತ ಹುಡುಕಿ. ಸಿನಿಮಾ ಅದನ್ನು ಹೇಳದಿದ್ದರೆ ಅರ್ಧ ಕಥೆ ಮಾತ್ರ ಹೇಳಿದೆ ಅಂತ ಲೆಕ್ಕ.